ಷರಾ

ಚುನಾವಣೆ ಜಾಹೀರಾದ ಮೂರನೆಯ ದಿನ, ವಿಜಯಪುರ,
ಠಾಣೆಯ ಹಿಂದಿನ ಖೋಲಿಯಲ್ಲಿ
ನಾನು, ಒಂದು ಉದ್ದನೆಯ ರಜಿಸ್ಟರು,
ಆರ್ಮರರ್ ಮೋದಿನಸಾಬ ಕಲಾದಗಿ.

ಲೈಸೆನ್ಸಿನವರು ಜಮಾ ಮಾಡಿಹೋದ ಪಿಸ್ತೂಲುಗಳು
ಮಿಠಾಯಿ ಬಾಕ್ಸಿನಲ್ಲಿ, ಕಡ್ಲಿಹಿಟ್ಟಿನ ಡಬ್ಬಿಯಲ್ಲಿ,
ಒಂದಂತೂ ಕೂಸಿನ ಕುಲಾಯಿಯಲ್ಲಿ ಸುತ್ತಿಕೊಂಡು ಬಂದಿದೆ.

ಅವನು ಹೇಳುತ್ತಾನೆ, ನಾನು ಬರೆಯುತ್ತೇನೆ.
ನಂಬರು, ಕಂಪನಿ, ಮ್ಯಾಗಜಿನ್ ಎಷ್ಟು, ಸ್ಥಿತಿ.
ಕೊನೆಗೊಂದು ಸಣ್ಣ ಮನೆ: ಷರಾ.
ಎರಡು ಶಬ್ದಕ್ಕಿಂತ ಹೆಚ್ಚು ಹಿಡಿಯುವುದಿಲ್ಲ ಅಲ್ಲಿ.

ಮೋದಿನಸಾಬ ಮೊದಲು ನೋಡುವುದಿಲ್ಲ, ಕೇಳುತ್ತಾನೆ.
ಖಾಲಿ ಮಾಡಿ, ಖಾಲಿಯಾಗಿದೆಯೆಂದು ಮತ್ತೊಮ್ಮೆ ಬೆರಳಿಟ್ಟು ತಿಳಿದು
ಕಣ್ಣು ಮುಚ್ಚಿ ಸ್ಲೈಡು ಎಳೆದು ಬಿಡುತ್ತಾನೆ.
"ಕೇಳವ್ವಾ, ಇದರ ಹೊಟ್ಯಾಗ ಉಸುಕೈತಿ."
ನನಗೆ ಕೇಳಿಸಿದ್ದು ಬರೀ ಖಟ್.

ಸಣ್ಣವನಿದ್ದಾಗ ಬುರುಜು ಹತ್ತಿ
ಮಲಿಕ್-ಎ-ಮೈದಾನ ತೋಪಿಗೆ ಚಾರಾಣೆಯಿಂದ ಬಡಿದು
ಕಿವಿ ಹಚ್ಚಿ ಕೂತಿದ್ದನಂತೆ. ಉರಿಬಿಸಿಲು.
ಕಪಾಳ ತಣ್ಣಗಾಯಿತಂತೆ, ಒಳಗಿಂದ ಗಂಟೆ.
"ಲೋಹ ಸುಳ್ಳ ಹೇಳಂಗಿಲ್ಲವ್ವಾ.
ಸುಳ್ಳ ಹೇಳೂದು ಪಾಲಿಶು."

ಇಂಡಿಯ ಲಿಂಬೆ ದಲಾಲ ರೇವಗೊಂಡನದು ಹೊಸದು,
ಫಳಫಳ, ಹಿಡಿಕೆಗೆ ಹುಲಿಯ ಮುಖ.
ದೊಡ್ಡ ಕಂಪನಿಯದರ ಅರ್ಧ ರೇಟು ಸಹಿತ ಇಲ್ಲರೀ,
ಆದ್ರ ಇದೂ ಢಮ್ ಅಂತೈತಿ, ಅದೂ ಢಮ್ ಅಂತೈತಿ,
ಚೂರು ನೋಡಿಕೊಡ್ರಿ ಎಂದು
ಗುಂಡು ತಾನೇ ಎಣಿಸಿಕೊಟ್ಟು ಹೋಗಿದ್ದ.

ಕವಾಯತು ಮೈದಾನದಾಚೆ, ಉಸುಕಿನ ದಿಬ್ಬಕ್ಕೆ ಹತ್ತು.
ಆರರ ತನಕ ಬರೋಬರಿ.
ಏಳನೆಯದಕ್ಕೆ ಖಾಲಿ ಕೊಳವೆ ಹೊರಬೀಳದೆ
ಹಲ್ಲಿಗೆ ಸಿಕ್ಕ ಕಬ್ಬಿನ ಸಿಬರಿನಂತೆ ನೆಟ್ಟಗೆ ನಿಂತಿತು.
ಉಗುರಿನಿಂದ ತೆಗೆದ. ಮುಂದಿನ ಮೂರೂ ಸರಿಯಾಗಿ ಹೋದವು.

ಅಡಿವೆಪ್ಪನದೂ ಅಗ್ಗದ್ದೇ. ಬ್ಯಾಂಕಿನ ಕಾವಲಿಗಿದ್ದವನು,
ಇಪ್ಪತ್ತು ವರ್ಷ ಸೊಂಟಕ್ಕಿದ್ದು ಬಣ್ಣ ಹೋಗಿ
ಗಡಿಗೆಯ ತಳದಂತಾಗಿದೆ. ಅಂಚಿನಲ್ಲಿ ಅರದ ಗೀರು ಹಾಗೇ ಇದೆ.
ಹತ್ತಕ್ಕೆ ಹತ್ತು ನುಂಗಿ, ಹತ್ತೂ ಉಗುಳಿತು.
"ಮಾಡಿದಾವ ಚಂದಕ್ಕ ರೊಕ್ಕ ಹಾಕಿಲ್ಲ ನೋಡು,
ಸ್ಪ್ರಿಂಗಿಗೆ ಹಾಕ್ಯಾನ."

ರೇವಗೊಂಡನದಕ್ಕೆ ಏನು ಬರೆಯಲಿ?
ಮೋದಿನಸಾಬ ಚಿಂದಿಯಲ್ಲಿ ಬೆರಳು ಒರೆಸಿಕೊಂಡ.
"ಹತ್ತರಾಗ ಒಮ್ಮೆ ಕೈ ಕೊಡ್ತೈತಿ.
ಮನಷಾ ಆಗಿದ್ರ ಚಲೋ ಮನಷಾ ಅಂತಿದ್ವಿ.
ಹೆಣ್ಣೂ ಕೊಡತಿದ್ವಿ.
ಇದು ಪಿಸ್ತೂಲು. ಬರಿ, ಭರೋಸಾ ಇಲ್ಲ."

ಬರೆದೆ. ಬರೆಯುವಾಗ ಮೇಲಿನ ಹಲಗೆಯ ಮೇಲಿರುವ
ಅರಗಿನ ಮುದ್ರೆಯ ಪೊಟ್ಟಣ ನೆನಪಾಯಿತು.
ಹೋದ ವರ್ಷದ್ದು. ಸಿಂದಗಿ ನಾಕಾದ ಚಹಾದಂಗಡಿ.
ಮೊದಲ ಗುಂಡು ಕೆಟಲಿಗೆ ತಗುಲಿತು,
ಎರಡನೆಯದು ಬರಲೇ ಇಲ್ಲ.
ಪ್ರಯೋಗಾಲಯದ ವರದಿಯಲ್ಲಿ ಒಂದೇ ಮಾತು: ಕಳಪೆ.

ಸಾಕ್ಷಿ ಹೇಳಲು ಬಂದ ದಿನ ಅಂಗಡಿಯ ನಬಿಲಾಲ
ಕೋರ್ಟಿನಲ್ಲಿ ಅದನ್ನು ಬಿಚ್ಚಿದಾಗ
ಬಹಳ ಹೊತ್ತು ನೋಡಿದ. ಗುರುತಿಸುತ್ತೀಯಾ ಎಂದರೆ
ಹ್ಞೂಂ ಅಂದ, ಬೇರೆ ಏನೂ ಅನ್ನಲಿಲ್ಲ.
ಕಟ್ಟೆ ಇಳಿಯುವಾಗ ತಲೆ ತುಸು ಬಾಗಿಸಿದ,
ನ್ಯಾಯಾಧೀಶರಿಗೋ,
ಮೇಜಿನ ಮೇಲಿದ್ದ ಅದಕ್ಕೋ.

ಇದನ್ನು ಮೋದಿನಸಾಬನಿಗೆ ಹೇಳಿದೆ.
ಅವನು ನಗಲಿಲ್ಲ. "ಅದನ್ನ ಮಾಡಿದಾವ
ಪುಣ್ಯಾ ಮಾಡಬೇಕಂತ ಕೆಟ್ಟ ಸ್ಪ್ರಿಂಗ್ ಹಾಕಿಲ್ಲ," ಅಂದ.
ಆಮೇಲೆ, ಬಹಳ ಹೊತ್ತಿನ ಮೇಲೆ,
"ಆದ್ರ ನಬಿಲಾಲಗ ಅದನ್ನ ಹೇಳಬ್ಯಾಡ."

ಐದು ಗಂಟೆ. ಇನ್ನೂ ಹದಿನಾಲ್ಕು ಉಳಿದಿವೆ.
ಕೈಯೆಲ್ಲ ಸೀಮೆಎಣ್ಣೆ, ಮದ್ದಿನ ವಾಸನೆ,
ರೊಟ್ಟಿ ಬಿಚ್ಚಿದರೆ ರೊಟ್ಟಿಗೂ ಅದೇ.
ರೇವಗೊಂಡ ರಸೀದಿಯ ಜೊತೆ ಇಟ್ಟುಹೋಗಿದ್ದ ಲಿಂಬೆಯನ್ನು
ಮೋದಿನಸಾಬ ಕಿವಿಯ ಹತ್ತಿರ ಹಿಡಿದು ಅಲುಗಿಸಿದ,
ಚಾಳಿ. ಕೊಯ್ದು ನನಗೊಂದು ಹೋಳು ಕೊಟ್ಟ.
ಉಜ್ಜಿಕೊಂಡೆವು, ಬೆರಳ ಸಂದು, ಉಗುರ ಬುಡ.
"ಮಾಲು ಚಲೋ ಐತಿ," ಅಂದ.