ಹುಚ್ರಾಯಪ್ಪನವರ ಎರಡನೇ ಬೀಗ

ಶಂಕರಘಟ್ಟದ ಕಂಪ್ಯೂಟರ್ ಸೆಂಟರಿನಲ್ಲಿ
ನನ್ನದು ಹನ್ನೊಂದು ತಿಂಗಳ ಕೆಲಸ.
ಸುತ್ತೋಲೆ ಬಂದ ಸೋಮವಾರದಿಂದ
ಸಾಲು ಬಾಗಿಲು ದಾಟಿ ಮೆಟ್ಟಿಲಿಗೆ ಇಳಿದಿದೆ.
ಗುರುವಾರದೊಳಗೆ ಎಲ್ಲರ ಖಾತೆಗೂ
ಎರಡನೇ ಬೀಗ ಬೀಳಬೇಕು,
ಇಲ್ಲವಾದರೆ ಸಂಬಳದ ಚೀಟಿಯೂ ಕಾಣದು.

ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್ ಹುಚ್ರಾಯಪ್ಪ
ಊಟ ಬಿಟ್ಟು ಬಂದು ಕೂತರು,
ಕೈಲಿ ಮಗಳ ಹಳೇ ಫೋನು, ಮೂಲೆಯೊಡೆದ ಗಾಜು.
"ಒಂದು ಬೀಗ ಸಾಲ್ದಾ ಸಾರ್?"
ಸಾಲದು. ಗೊತ್ತಿರೋದು ಒಂದು, ಅದು ಪಾಸ್‌ವರ್ಡು.
ಹತ್ರ ಇರೋದು ಒಂದು, ಅದು ಈ ಫೋನು.
"ಮತ್ತೆ ನಾನು?"
ನೀವೂ ಒಂದು. ಇಲ್ಲಿ ಬೆರಳಿಡಿ.

ಇಟ್ಟರು. ಫೋನು ಒಲ್ಲೆ ಎಂದಿತು.
ಪ್ಯಾಂಟಿಗೆ ಒರೆಸಿ ಇಟ್ಟರು.
ಹೆಬ್ಬೆಟ್ಟು, ತೋರುಬೆರಳು, ಕೊನೆಗೆ ಎಡಗೈ ಕಿರುಬೆರಳು.
ಇಪ್ಪತ್ತಾರು ವರ್ಷ ಫ್ಲಾಸ್ಕು ತೊಳೆದ ಕೈ,
ಕ್ರೋಮಿಕ್ ಆಸಿಡ್ಡು ಒಂದೊಂದೇ ಗೆರೆಯನ್ನೂ ತೊಳೆದು
ಸಿಂಕಿಗೆ ಬಿಟ್ಟಿದೆ.
ತುದಿಗಳು ನುಣ್ಣಗೆ,
ಪಿಂಗಾಣಿ ಬಟ್ಟಲಿನ ಒಳಮೈ ಹಾಗೆ.
"ಆಧಾರ್‌ನೋರೂ ನಕ್ಕಿದ್ರು ಸಾರ್,
ಕಳ್ಳತನಕ್ಕೇ ಹೇಳಿ ಮಾಡಿಸಿದ ಕೈ ಅಂತ."

ಸರಿ, ಬೆರಳು ಬೇಡ. ಆ್ಯಪ್ ಇಳಿಸಿದೆ.
ಪರದೆಯ ಕಪ್ಪು ಬಿಳುಪು ಚೌಕಕ್ಕೆ ಫೋನು ತೋರಿಸಿದೆ.
ಆರಂಕಿ ಮೂಡಿತು. ಪಕ್ಕದಲ್ಲೊಂದು ಸಣ್ಣ ಚಕ್ರ
ಮೂವತ್ತು ಸೆಕೆಂಡಿಗೆ ಸವೆದು ಮುಗಿಯುವಂಥದು.

ಅವರು ಫೋನನ್ನು ಕಣ್ಣಿನ ಮಟ್ಟಕ್ಕೆ ಎತ್ತಿ
ಒಂದು ಕಣ್ಣು ಮುಚ್ಚಿ ಓದಿದರು,
ಬ್ಯುರೆಟ್ಟಿನೊಳಗೆ ನೀರಿನ ಬಾಗು ಎಲ್ಲಿಗೆ ತಾಗಿದೆ ಎಂದು
ನೋಡುವ ಹಾಗೆ.
ನಾಲ್ಕು. ಸೊನ್ನೆ. ಸೊನ್ನೆ. ಏಳು.
ಐದನೆಯದಕ್ಕೆ ಬೆರಳು ಹೋಗುವಷ್ಟರಲ್ಲಿ ಚಕ್ರ ಖಾಲಿ.
"ಎಂಡ್ ಪಾಯಿಂಟ್ ದಾಟಿಬಿಡ್ತು," ಎಂದರು.
ಹೊಸ ಚಕ್ರ ತುಂಬುವ ತನಕ ಉಸಿರು ಹಿಡಿದು ಕಾದು
ಒತ್ತಿದರು, ಹನಿ ಬಿಟ್ಟಂತೆ, ಆರು ಹನಿ.
ಬಾಗಿಲು ತೆರೆಯಿತು.

ಏಳಲಿಲ್ಲ ಆದರೂ.
"ನಮ್ ಸ್ಟೋರ್ ರೂಮಲ್ಲಿ ಸಿಗ್ನಲ್ಲೇ ಇಲ್ಲ.
ಅಲ್ಲಿಗೆ ಈ ನಂಬರು ಹೆಂಗ್ ಬರುತ್ತೆ?"
ಬರೋದೇ ಇಲ್ಲ, ಅಲ್ಲೇ ಹುಟ್ಟುತ್ತೆ.
ಆ ಚೌಕದೊಳಗೆ ಒಂದು ಗುಟ್ಟಿತ್ತು,
ಇವೆರಡೂ ಒಂದೇ ಸಲ ಹೇಳಿಕೊಂಡವು.
ಇನ್ನು ಇದು ಇಲ್ಲಿ, ಅದು ಎಲ್ಲೋ,
ತಮ್ಮ ತಮ್ಮ ಗಡಿಯಾರ ನೋಡಿಕೊಂಡು
ಒಂದೇ ಲೆಕ್ಕ ಹಾಕುತ್ತಿರುತ್ತವೆ. ಮಾತಿಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:
"ಅಪ್ಪ ಭದ್ರಾವತಿ ಕಾರ್ಖಾನೇಲಿದ್ದ.
ಸೈರನ್ ಕೂಗಿದ್ರೆ ಅವ್ವ ಬುತ್ತಿ ಹಿಡಕೊಂಡು ಹೊರಡೋಳು.
ಒಂದ್ವಾರ ಸೈರನ್ ಕೆಟ್ಟು ನಿಂತಿತ್ತು.
ಆವಾಗ್ಲೂ ಅವ್ವ ಗೇಟ್ ಮುಟ್ಟೋದೂ
ಅಪ್ಪ ಕೈ ತೊಳ್ಕೊಂಡು ಬರೋದೂ ಒಂದೇ ಆಗ್ತಿತ್ತು.
ಹಂಗಾ?"

ಹಂಗೇ, ಎಂದೆ.
ಹಿಂದೆ ಅರ್ಥಶಾಸ್ತ್ರದ ಪ್ರೊಫೆಸರು
ಗಡಿಯಾರ ನೋಡಿ ಕೆಮ್ಮಿದರು.

ಫೋನು ಕಳೆದರೆ ಬೇಕಾಗುವ ಹತ್ತು ಸಂಖ್ಯೆ,
ಪ್ರಿಂಟರಿನಲ್ಲಿ ಇಂಕಿಲ್ಲ.
ಅವರು ಜೇಬಿನಿಂದ ಫಿಲ್ಟರ್ ಪೇಪರ್ ತೆಗೆದು
ಪೆನ್ಸಿಲಿನಲ್ಲಿ ಬರೆದುಕೊಂಡರು. ಪೆನ್ನಾದರೆ ಹಬ್ಬುತ್ತದಂತೆ.
ಆಲಿಕೆಗೆ ಹೊಂದಿಸುವಂತೆ ನಾಲ್ಕು ಮಡಿಕೆ.
ಎಲ್ಲಿಡ್ತೀರಿ?
"ಡೆಸಿಕೇಟರಲ್ಲಿ. ಜುಲೈ ಥಂಡಿ ಅದ್ರೊಳಗೆ ನುಗ್ಗಲ್ಲ.
ಹರಳು ನೀಲಿ ಇರೋತನಕ ಒಣಗೇ ಇರ್ತದೆ,
ಗುಲಾಬಿ ಆದ್ರೆ ಹೇಳ್ತೀನಿ."

ಗುರುವಾರ ರಾತ್ರಿ ಎಂಟಕ್ಕೆ ಪಟ್ಟಿ ಮುಗಿಯಿತು.
ನಾನೂರ ಹದಿಮೂರು ಜನರನ್ನು
ಅವರು ಅವರೇ ಎಂದು ಒಪ್ಪಿಸಿದ್ದೆ.
ಗುತ್ತಿಗೆಯವರಿಗೆ ಖಾತೆ ಇಲ್ಲ. ನಾನು ಗೆಸ್ಟ್ ಮೂರು,
ಪಾಸ್‌ವರ್ಡು ಮಾನಿಟರಿನ ಮೇಲೇ ಅಂಟಿಸಿದೆ.

ಆಷಾಢದ ಒಂದು ಬೆಳಿಗ್ಗೆ, ಕೊಡೆ ಮಡಚುತ್ತ
ಲ್ಯಾಬಿನ ಕಾರಿಡಾರ್ ದಾಟುತ್ತಿದ್ದೆ.
ಕಿಟಕಿಯಿಂದ ಒದ್ದೆ ಕೈಯೊಂದು ಬೀಸಿ ಕೂಗಿತು:
"ಸಾರ್, ಇನ್ನೂ ನೀಲೀನೇ ಐತೆ!"