ಒತ್ತು

ಹಂಪನಕಟ್ಟೆಯ ಕೇಬಲ್ ಚಾನೆಲಿನ ಐದನೇ ಮಾಳಿಗೆಯಲ್ಲಿ
ಹನ್ನೊಂದು ವರ್ಷ ನನ್ನ ಕೆಲಸ ಒಂದೇ:
ಒತ್ತುವುದು.

ಧಕ್ಕೆಯ ಮೀನಿನ ದರ ಬಂತೋ, ಒತ್ತು.
ಬಂಗುಡೆ, ಬೂತಾಯಿ, ಸಿಗಡಿ
ತೆರೆಯ ಬುಡದಲ್ಲಿ ಬಲದಿಂದ ಎಡಕ್ಕೆ ಈಜುತ್ತವೆ.
ಮುಖ ಬಂತೋ, ಎದೆಯ ಕೆಳಗೆ ಹೆಸರು, ಒತ್ತು.
ಮುಖ ಹೋಗುವ ಮೊದಲು ಹೆಸರು ತೆಗೆ.
ತಡವಾದರೆ
ಕಾರ್ಯಪಾಲಕ ಇಂಜಿನಿಯರರ ಹೆಸರು
ಬನಿಯನ್ ಜಾಹೀರಾತಿನವನ ಹೊಟ್ಟೆಯ ಮೇಲೆ.

ಈಗ ಉಡುಪಿಯಿಂದ ಶೆಟ್ಟಿಗಾರರು ಬಂದಿದ್ದಾರೆ
ಎರಡು ಯಂತ್ರಗಳಿಗೆ ಪರಿಚಯ ಮಾಡಿಸಲು.
ಒಂದು, ದಿನದ ಪಟ್ಟಿ ಹಿಡಿದು ಕಾರ್ಯಕ್ರಮ ಬಿಡುವುದು,
ಇನ್ನೊಂದು ಅಕ್ಷರ ಮೂಡಿಸುವುದು, ನನ್ನದು.
ಇಷ್ಟು ವರ್ಷ ಒಂದೇ ಕಪಾಟಿನಲ್ಲಿದ್ದೂ
ಮಾತಿಲ್ಲ ಕತೆಯಿಲ್ಲ ಇವಕ್ಕೆ.
ನಡುವೆ ನಾನಿದ್ದೆನಲ್ಲ.

"ಇನ್ನು ಪಟ್ಟಿಯೇ ಹೇಳ್ತದೆ ಮಾರಾಯ್ರೆ,
ಈಗ ಬಾ, ಈಗ ಹೋಗು ಅಂತ.
ನೀವು ಚಾ ಕುಡೀಬಹುದು."

ಮೊದಲ ದಿನ ಹೆಸರು ಮೂರು ಫ್ರೇಮು ತಡ.
ಸೆಕೆಂಡಿಗೆ ಇಪ್ಪತ್ತೈದರಲ್ಲಿ ಮೂರು,
ರೆಪ್ಪೆ ಪೂರ್ತಿ ಮುಚ್ಚಲೂ ಸಾಲದು.
ಬೆರಳಿಗೆ ಗೊತ್ತಾಯಿತು.
ಮೇಜಿನ ಕೆಳಗೆ ತಾನೇ ತಾನಾಗಿ
ನನ್ನ ಮೊಣಕಾಲನ್ನು ಅದುಮಿತು.
ಶೆಟ್ಟಿಗಾರರು ಆಜ್ಞೆಯನ್ನು ಮೂರು ಫ್ರೇಮು ಮುಂಚೆ ಇಟ್ಟರು.
ಆಮೇಲೆ ಎಲ್ಲ ಸರಿ. ತುಂಬಾ ಸರಿ.
ನಾನು ಚಾ ಕುಡಿದೆ.

ರಾತ್ರಿ ಒಂಬತ್ತೂ ಇಪ್ಪತ್ತಕ್ಕೆ ಮರಣವಾರ್ತೆ.
ಪಟ್ಟಿ ಕರೆಯಿತು, ಹೆಸರು ಬಂತು, ಕರಾರುವಾಕ್ಕು:
ಪಡೀಲಿನ ಸಂಕಪ್ಪ ಬಂಗೇರ, ಎಂಬತ್ತೊಂದು.
ಆದರೆ ಒತ್ತು ಕಳಚಿತ್ತು.
ಪಕಾರದ ಕಾಲಡಿಯ ಪಕಾರ
ಮೇಲೆದ್ದು ಪಕ್ಕದಲ್ಲಿ ಕೂತಿತ್ತು
ಪರಿಚಯವಿಲ್ಲದವರ ಹಾಗೆ.
ಸಂಕಪ್ ಪ.
ಯಂತ್ರದ ಲೆಕ್ಕದಲ್ಲಿ ತಪ್ಪಿಲ್ಲ,
ಅಕ್ಷರ ಅಷ್ಟೂ ಇವೆ, ಸಮಯ ಸರಿ,
ಹಸಿರು ದೀಪ.

ಫೋನು. ಹೆಂಗಸಿನ ಧ್ವನಿ, ಅಳುತ್ತಿರಲಿಲ್ಲ.
"ಅಪ್ಪನ ಹೆಸರು ಮುರಿದು ಹೋಗಿದೆ.
ಬೆಳಿಗ್ಗೆ ಏಳಕ್ಕೆ ಇನ್ನೊಮ್ಮೆ ಬರ್ತದಲ್ಲ,
ಅಷ್ಟರೊಳಗೆ..."

ಸಂಕಪ್ಪದೊಳಗೆ ಅಪ್ಪ ಇದ್ದಾರೆಂದು
ಹನ್ನೊಂದು ವರ್ಷ ಹೆಸರು ಬರೆದ ನಾನು
ಅವತ್ತು ನೋಡಿದ್ದು.

ಶೆಟ್ಟಿಗಾರರು ಉಡುಪಿ ಬಸ್ಸಿನಲ್ಲಿ.
ಹೆಜಮಾಡಿಯ ಟೋಲಿನ ಗದ್ದಲದಲ್ಲಿ ಹೇಳಿದರು,
ಅದು ಫಾಂಟಿನ ತೊಂದರೆ, ನಾಳೆ ಹತ್ತಕ್ಕೆ ನೋಡುವ.
ಏಳು ಹತ್ತಕ್ಕಿಂತ ಮುಂಚೆ
ಎಂಬುದು ಪಟ್ಟಿಗೂ ಗೊತ್ತು.

ಮೂಲೆಗೆ ಇಟ್ಟಿದ್ದ ಹಳೆಯ ಪೆಟ್ಟಿಗೆಯ ಧೂಳು ಒರೆಸಿದೆ.
ಹೆಸರನ್ನು ಅದರಲ್ಲಿ ಬರೆದು
ಅಕ್ಷರವಾಗಿ ಅಲ್ಲ, ಚಿತ್ರವಾಗಿ ತೆಗೆದೆ.
ಚಿತ್ರ ಮಾಡಿದರೆ ಕಳಚಲು ಏನೂ ಉಳಿಯುವುದಿಲ್ಲ.
ಒಂದು ಪ, ಅದರ ಕೆಳಗೆ ಇನ್ನೊಂದು,
ಹೆಗಲ ಮೇಲೆ ಹೊತ್ತುಕೊಂಡ ಹಾಗೆ.

ಏಳಕ್ಕೆ ಬಂತು. ಇಡೀ ಬಂತು. ಹತ್ತು ಸೆಕೆಂಡು.
ಯಾವುದಕ್ಕೂ ಜೋಡಿಸದ ಕೀಲಿಯ ಮೇಲೆ
ನಾನೂ ಬೆರಳಿಟ್ಟುಕೊಂಡಿದ್ದೆ, ಸುಮ್ಮನೆ.
ಫೋನು ಬರಲಿಲ್ಲ.

ಏಳೂವರೆಗೆ ಮೀನಿನ ದರ.
ಬಂಗುಡೆಗೆ ಒತ್ತಿಲ್ಲ, ಬೂತಾಯಿಗೆ ಇಲ್ಲ, ಸಿಗಡಿಗೂ.
ಅವು ತಮ್ಮಷ್ಟಕ್ಕೆ ಈಜಲಿ.
ನಾನು ಮಲಗಲು ಹೊರಟೆ.