ಷರಾ

ಕುಚಿಂಗಿನ ಸಂಗ್ರಹಾಲಯ, ಹದಿನೇಳನೆಯ ಡ್ರಾಯರು.
ನುಸಿಗುಳಿಗೆಯ ವಾಸನೆಯಲ್ಲಿ ಚಿಮ್ಮಂಡೆಗಳು,
ಬೆನ್ನಿಗೊಂದು ಸೂಜಿ, ಸೂಜಿಯ ಬುಡಕ್ಕೆ ಚೀಟಿ:
'ಎಂಕಾರಿ ಹೊಳೆ. ರಾತ್ರಿ. ಹಿಡಿದವನು ಸಂದೋಮ್.'

ಸಂದೋಮ್ ಅಂದರೆ ನಾನೇ. ಆಗ ಇಪ್ಪತ್ತಾರು.
ಕಂದು, ಕಂದು, ಮತ್ತೆ ಕಂದು,
ಎಲ್ಲ ಒಂದೇ ತಾಯಿಯ ಮಕ್ಕಳಂತೆ.
ದೊಡ್ಡವರು ಒಂದೇ ಹೆಸರಿಟ್ಟು ಕೈತೊಳೆದುಕೊಂಡಿದ್ದರು.
ನಾನು ಮಾತ್ರ ಕೇಳಿದ್ದೆ:
ಒಬ್ಬ ಟ್ರೀ ಎಂದು ಉದ್ದಕ್ಕೆ ಎಳೆಯುತ್ತಾನೆ,
ಇನ್ನೊಬ್ಬ ಸೂಜಿಮೊನೆಯ ದನಿಯಲ್ಲಿ ಮೂರು ಸಲ ಕುಟ್ಟಿ,
ಯೋಚಿಸಿ,
ಮತ್ತೆ ಮೂರು ಸಲ.
ರೆಕ್ಕೆಯ ಅರದ ಹಲ್ಲು ಎಣಿಸಿದೆ, ಮಸೂರದಡಿ, ತಿಂಗಳುಗಟ್ಟಲೆ.
ಅವನಿಗೆ ತೊಂಬತ್ತೆರಡು, ಇವನಿಗೆ ನೂರ ನಲವತ್ತು.
ಒಂದು ಹೆಸರು ಎರಡಾಯಿತು.
ಉದ್ದಮನೆಯ ಜಗಲಿಯಲ್ಲಿ ಅತ್ತೆ ಕೇಳಿದಳು:
'ಇದಕ್ಕೂ ಸಂಬಳ ಕೊಡುತ್ತಾರಾ?'

ಈಗ ಅರವತ್ತೊಂದು. ಅದೇ ಹೊಳೆ,
ಹಣೆಗೆ ದೀಪ ಕಟ್ಟಿ ಕೂತಿದ್ದೇನೆ.
ಮೊದಲನೆಯವನು ಎಳೆಯುತ್ತಿದ್ದಾನೆ. ಎರಡನೆಯವನ ಸುಳಿವಿಲ್ಲ.
ಆಚೆ ದಂಡೆಯ ಕಾಡು ಕಡಿದರಲ್ಲ,
ಹೋಯಿತು ಅದರ ಸಂತಾನ, ಅಂದುಕೊಂಡು
ಪಟ್ಟಿಯಲ್ಲಿ ಸೊನ್ನೆ ಸುತ್ತಿದೆ.

ಹೊಸ ಸಹಾಯಕಿ ಲೂಲೊಂಗ್, ಹತ್ತೊಂಬತ್ತರ ಹುಡುಗಿ,
ಯಂತ್ರದ ಪರದೆಯನ್ನು ನನ್ನತ್ತ ತಿರುಗಿಸಿದಳು:
ಮೂರು ಗೀಟು, ಬಿಡುವು, ಮೂರು ಗೀಟು.
'ಎಲ್ಲಿ?' ಅಂದೆ.
ಒಂದು ಗಳಿಗೆ ನನ್ನ ಮುಖ ನೋಡಿದಳು,
ಆಮೇಲೆ ಬೆರಳು ಚಾಚಿದಳು,

ನನ್ನ ಕಾಲರಿನ ಮೇಲೆ, ಕಿವಿಗೆ ಗೇಣೂ ಇಲ್ಲ,
ರೆಕ್ಕೆ ಎತ್ತಿ ನಡುಗಿಸುತ್ತ
ನಾನೇ ಹೆಸರಿಟ್ಟವನು.

ಸೊನ್ನೆ ಹೊಡೆದುಹಾಕಿ ಒಂದು ಎಂದು ತಿದ್ದಿದೆ.
ಷರಾ: ಕೇಳಿದವಳು ಲೂಲೊಂಗ್.